ಕಾಳಿನ ಮುಖ ನೋಡಿ ಕೊಳ್ಳುವುದು

ಮಳೆಗಾಲದಲ್ಲಿ ದಾವಣಗೆರೆಯಿಂದ ಜಗಳೂರಿನ ಕಡೆ ಹೊರಟರೆ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ. ಅದರಲ್ಲಿ ನಮ್ಮ ಒಲೆಗೆ ಬರುವುದು ಹೆಚ್ಚೆಂದರೆ ಒಂದೆರಡು ಸುಟ್ಟ ತೆನೆ. ಮಿಕ್ಕಿದ್ದೆಲ್ಲ ಕೋಳಿ ಫೀಡಿಗೆ, ಸ್ಟಾರ್ಚ್ ಕಾರ್ಖಾನೆಗೆ. ಭದ್ರಾ ನಾಲೆಯ ನೀರು ಹರಿಯುವ ಹರಿಹರ, ಚನ್ನಗಿರಿ ಕಡೆ ಭತ್ತ ಮತ್ತು ಅಡಿಕೆ. ಚಳ್ಳಕೆರೆ, ಮೊಳಕಾಲ್ಮೂರಿನ ಕೆಂಪು ನೆಲದಲ್ಲಿ ಶೇಂಗಾ. ಹೊಸದುರ್ಗದ ಕಡೆ ಸಾವೆ, ನವಣೆ, ರಾಗಿ, ತೆಂಗು. ಚಿತ್ರದುರ್ಗದ ಸುತ್ತ ಈರುಳ್ಳಿ. ಪಕ್ಕದ ಹಾವೇರಿಯಲ್ಲೇ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ. ನೂರು ನೂರಿಪ್ಪತ್ತು ಕಿಲೋಮೀಟರ್ ಒಳಗೆ ಇಷ್ಟೆಲ್ಲ ಇಟ್ಟುಕೊಂಡು, ಪೇಟೆಯ ಮನೆಗಳಲ್ಲಿ ಎಣ್ಣೆ, ಹಿಟ್ಟು, ಖಾರದ ಪುಡಿ, ಅರಿಶಿಣ, ಕಡಲೆ ಹಿಟ್ಟು ಎಲ್ಲವೂ ಪ್ಯಾಕೆಟ್ಟಿನಿಂದಲೇ ಬರುತ್ತವೆ.

ಆರೋಗ್ಯದ ಅಡುಗೆ ಅಂದ ಕೂಡಲೇ ಮಾತು ಅದಲುಬದಲಿಗೆ ಹೋಗುತ್ತದೆ. ಸಕ್ಕರೆ ಬದಲು ಬೆಲ್ಲ, ಬಿಳಿ ಉಪ್ಪಿನ ಬದಲು ಗುಲಾಬಿ ಉಪ್ಪು, ಅಕ್ಕಿ ಬದಲು ನವಣೆ. ನನ್ನ ಲೆಕ್ಕದಲ್ಲಿ ಅದು ಎರಡನೇ ಮಾತು. ಕೈಗೆ ಬಂದ ಪದಾರ್ಥ ಯಾವ ಸ್ಥಿತಿಯಲ್ಲಿದೆ ಎನ್ನುವುದೇ ಮೊದಲನೇ ಮಾತು. ಬೂಷ್ಟು ಹಿಡಿದ ಶೇಂಗಾದ ಗಾಣದ ಎಣ್ಣೆಗಿಂತ ಒಳ್ಳೆ ರಿಫೈನ್ಡ್ ಎಣ್ಣೆಯೇ ವಾಸಿ. ಕಮಟು ಹಿಡಿದ ಸಜ್ಜೆ ಹಿಟ್ಟಿಗಿಂತ ತಾಜಾ ಗೋಧಿ ಹಿಟ್ಟು ವಾಸಿ. ಪುಡಿಯಾದ ಮೇಲೆ, ಹಿಂಡಿದ ಮೇಲೆ ಯಾವ ಪದಾರ್ಥವೂ ತನ್ನ ಹಿಂದಿನ ಕಥೆ ಹೇಳುವುದಿಲ್ಲ. ಇಡಿಯಾಗಿದ್ದಾಗ ಮಾತ್ರ ಹೇಳುತ್ತದೆ. ಆದ್ದರಿಂದ ಸಾಧ್ಯವಾದದ್ದನ್ನೆಲ್ಲ ಕಾಳಾಗಿ ಕೊಳ್ಳಿ, ನೋಡಿ ಕೊಳ್ಳಿ, ಸ್ವಲ್ಪ ಸ್ವಲ್ಪ ಕೊಳ್ಳಿ.

ಎಣ್ಣೆಯಿಂದ ಶುರು ಮಾಡೋಣ. ದುಡ್ಡು ಹೆಚ್ಚು ಹೋಗುವುದೂ ಮೋಸ ಹೆಚ್ಚು ನಡೆಯುವುದೂ ಅಲ್ಲೇ. ಚಳ್ಳಕೆರೆ ಎಣ್ಣೆ ಊರು ಅನ್ನಿಸಿಕೊಂಡದ್ದು ಶೇಂಗಾ ಎಣ್ಣೆ ಮಿಲ್ಲುಗಳಿಂದ. ಈಗ ದಾವಣಗೆರೆಯಲ್ಲೂ ದುರ್ಗದಲ್ಲೂ ಮರದ ಗಾಣಗಳು ಮತ್ತೆ ಬಂದಿವೆ. 'ಶುದ್ಧ ಗಾಣದ ಎಣ್ಣೆ' ಎಂಬ ಬೋರ್ಡು ನೋಡಿ ಜನ ಡಬ್ಬಿ ಹಿಡಿದು ಹೋಗುತ್ತಾರೆ. ಗಾಣ ಮರದ್ದೋ ಕಬ್ಬಿಣದ್ದೋ ಎಂದು ವಿಚಾರಿಸುವವರು ಬಹಳ, ಅದರೊಳಗೆ ಬಿದ್ದ ಕಾಳು ಎಂಥದ್ದು ಎಂದು ಕೇಳುವವರು ಕಮ್ಮಿ.

ಕಾಳಿನ ಪ್ರಶ್ನೆ ಏಕೆ ದೊಡ್ಡದು ಅಂದರೆ, ಶೇಂಗಾಕ್ಕೆ ತೇವ ತಾಗಿದರೆ ಆಸ್ಪರ್ಜಿಲಸ್ ಜಾತಿಯ ಬೂಷ್ಟು ಹತ್ತಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿಕೊಳ್ಳುತ್ತದೆ. ಇದು ಪಿತ್ತಜನಕಾಂಗಕ್ಕೆ ಕೆಟ್ಟದ್ದು, ಕ್ಯಾನ್ಸರ್ ತರುವಂಥದ್ದು. ಹುರಿದರೆ, ಕುದಿಸಿದರೆ, ಕರಿದರೆ ಪೂರ್ತಿ ಹೋಗುವುದಿಲ್ಲ. ರಿಫೈನರಿಯಲ್ಲಿ ಎಣ್ಣೆಯನ್ನು ಕ್ಷಾರದಲ್ಲಿ ತೊಳೆದು, ಜೇಡಿಯ ಮೂಲಕ ಬಣ್ಣ ತೆಗೆದು, ಇನ್ನೂರು ಡಿಗ್ರಿಗೂ ಮೇಲೆ ಕಾಯಿಸಿ ವಾಸನೆ ಕಳೆಯುತ್ತಾರೆ. ಆ ಹಂತಗಳಲ್ಲಿ ಈ ವಿಷದ ಬಹುಪಾಲು ಹೋಗುತ್ತದೆ, ಅದರ ಜೊತೆಗೆ ಘಮವೂ ಒಂದಷ್ಟು ಒಳ್ಳೆಯ ಅಂಶಗಳೂ ಹೋಗುತ್ತವೆ. ಗಾಣದಲ್ಲಿ ಎಣ್ಣೆಗೆ ಇಳಿದದ್ದು ಯಾವುದೂ ಹೋಗುವುದಿಲ್ಲ, ಒಳ್ಳೆಯದೂ ಇರುತ್ತದೆ, ಕೆಟ್ಟದ್ದೂ ಇರುತ್ತದೆ. ಹಾಗಾಗಿ ಗಾಣದ ಎಣ್ಣೆ ಬೇಕೆನ್ನುವವರಿಗೆ ಕಾಳು ಆರಿಸುವ ಕೆಲಸ ತಪ್ಪಿದ್ದಲ್ಲ.

ಬೂಷ್ಟು ಎಲ್ಲಿಂದ ಬರುತ್ತದೆ? ಮುಂಗಾರಿನ ಶೇಂಗಾ ಕೀಳುವ ಹೊತ್ತಿಗೆ ಹಿಂಗಾರು ಮಳೆ ಹಿಡಿದರೆ ಕಾಯಿ ಹೊಲದಲ್ಲೇ ನೆನೆಯುತ್ತದೆ. ಅದು ದೇವರ ಕೈಯಲ್ಲಿರುವ ಮಾತು. ಇನ್ನೊಂದು ಮನುಷ್ಯರ ಕೈಯಲ್ಲಿರುವುದು: ಯಂತ್ರದಲ್ಲಿ ಕಾಯಿ ಸುಲಿಯುವ ಮುಂಚೆ ನೀರು ಚಿಮುಕಿಸುವ ವಾಡಿಕೆ. ಹಾಗೆ ಮಾಡಿದರೆ ಕಾಳು ಒಡೆಯುವುದು ಕಡಿಮೆ, ತೂಕವೂ ತುಸು ಹೆಚ್ಚು. ಆ ಕಾಳನ್ನು ಸರಿಯಾಗಿ ಒಣಗಿಸದೆ ಚೀಲಕ್ಕೆ ತುಂಬಿಟ್ಟರೆ ಒಳಗೊಳಗೇ ಬೂಷ್ಟು ಏಳುತ್ತದೆ. ಗಾಣದವರನ್ನು ಕೇಳಬೇಕಾದದ್ದು ಇದನ್ನೇ.

"ಅಣ್ಣಾ, ಈ ಕಾಳು ಎಲ್ಲೀದು?"

"ಚಳ್ಳಕೆರೆ ಕಡೇದು ಅಕ್ಕಾ, ಹೊಸಾದು."

"ಒಣಾ ಸುಲಿಸಿದ್ದಾ, ನೀರು ಹೊಡೆದು ಸುಲಿಸಿದ್ದಾ?"

ಈ ಎರಡನೇ ಪ್ರಶ್ನೆಗೆ ಸಿಗುವ ಉತ್ತರ ನಂಬಬಹುದೋ ಇಲ್ಲವೋ, ಕೇಳಿದ ಮೇಲೆ ನಿಮಗೆ ಕೊಡುವ ಚೀಲ ಬದಲಾಗುವುದಂತೂ ಉಂಟು.

ಕಾಳು ನೋಡುವುದಕ್ಕೆ ಮೊರ ಸಾಕು. ಕಾಲು ಕೆಜಿ ಹರಡಿ, ಬೆಳಕಿಗೆ ಹಿಡಿಯಿರಿ. ಈ ಕಡೆಯ ಹಳೇ ತಳಿ ಟಿಎಂವಿ-2 ಆದರೆ ಕಾಳು ಸಣ್ಣದು, ತಿಳಿ ಗುಲಾಬಿ ಬಣ್ಣದ ಸಿಪ್ಪೆ. ಸಣ್ಣದಾಗಿದ್ದರೆ ದೋಷವೇನಲ್ಲ. ಸುಕ್ಕಾಗಿ ಚಪ್ಪಟೆಯಾದದ್ದು, ಸಿಪ್ಪೆ ಕಪ್ಪು ಅಥವಾ ಬೂದು ಬಣ್ಣಕ್ಕೆ ತಿರುಗಿದ್ದು, ಮೊಳಕೆ ಮೂತಿ ಉಬ್ಬಿದ್ದು, ಹುಳ ಕೊರೆದದ್ದು, ಇವು ದೋಷ. ಹತ್ತಿಪ್ಪತ್ತು ಕಾಳು ಎತ್ತಿಕೊಂಡು ಎರಡು ಹೋಳು ಮಾಡಿ. ಹೋಳುಗಳ ನಡುವಿನ ಕುಳಿಯಲ್ಲಿ ಹಳದಿ ಮಿಶ್ರಿತ ಹಸಿರು ಧೂಳು ಕಂಡರೆ ಆ ಚೀಲವೇ ಬೇಡ. ಇನ್ನು ಹಲ್ಲಿನಲ್ಲಿ ಕಡಿಯಿರಿ. ಒಣಗಿದ ಕಾಳು ಟಕ್ಕನೆ ಒಡೆಯುತ್ತದೆ, ಅಂಗೈಯಲ್ಲಿ ತಿಕ್ಕಿದರೆ ಸಿಪ್ಪೆ ಬಿಡುತ್ತದೆ. ತೇವದ ಕಾಳು ಮೆತ್ತಗೆ ಬಾಗುತ್ತದೆ. ಕಹಿ ಅಥವಾ ಕಮಟು ತಾಗಿದ್ದನ್ನು ನುಂಗದೆ ಉಗುಳಿ. ಚಟ್ನಿಗೆ ತಂದ ಶೇಂಗಾದಲ್ಲೂ ಇದೇ ಪರೀಕ್ಷೆ. ಹುರಿಯುವ ಮುಂಚೆ ಹತ್ತು ನಿಮಿಷ ಕೂತು ಆರಿಸಿದರೆ ಅಪಾಯದ ದೊಡ್ಡ ಭಾಗ ಅಲ್ಲೇ ಕಳೆಯುತ್ತದೆ, ಯಾಕೆಂದರೆ ವಿಷ ಎಲ್ಲ ಕಾಳುಗಳಲ್ಲಿ ಹಂಚಿಕೊಂಡಿರುವುದಿಲ್ಲ, ಕೆಲವೇ ಕೆಟ್ಟ ಕಾಳುಗಳಲ್ಲಿ ತುಂಬಿಕೊಂಡಿರುತ್ತದೆ. ಆರಿಸಿ ತೆಗೆದದ್ದನ್ನು ಕೋಳಿಗೋ ದನಕ್ಕೋ ಹಾಕಬೇಡಿ. ಹಾಲಿನ ಮೂಲಕ ಅದು ತಿರುಗಿ ಮನೆಗೇ ಬರುತ್ತದೆ.

ಬೆಲೆಯ ಲೆಕ್ಕವೂ ಸುಲಭ. ಒಂದು ಲೀಟರ್ ಗಾಣದ ಎಣ್ಣೆಗೆ ಸುಮಾರು ಎರಡೂಕಾಲರಿಂದ ಎರಡೂವರೆ ಕೆಜಿ ಶೇಂಗಾ ಕಾಳು ಬೇಕು. ಪೇಟೆಯ ಕಾಳಿನ ಬೆಲೆಯನ್ನು ಎರಡೂವರೆಯಿಂದ ಗುಣಿಸಿ, ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ಮಾರಿ ಬರುವ ದುಡ್ಡನ್ನು ಕಳೆಯಿರಿ, ಕೂಲಿ ಕರೆಂಟು ಸೇರಿಸಿ. ಆ ಮೊತ್ತಕ್ಕಿಂತ ಬಹಳ ಕಡಿಮೆಗೆ ಯಾರಾದರೂ ಎಣ್ಣೆ ಕೊಡುತ್ತಿದ್ದರೆ ಅದರಲ್ಲಿ ತಾಳೆ ಎಣ್ಣೆಯೋ ಮತ್ತೊಂದೋ ಸೇರಿರಲೇಬೇಕು. ಕೆಲವು ಗಾಣಗಳಲ್ಲಿ ನಾವೇ ಆರಿಸಿದ ಕಾಳು ಒಯ್ದರೆ ಕೂಲಿಗೆ ಹಿಂಡಿಕೊಡುತ್ತಾರೆ. ಹತ್ತು ಕೆಜಿಗೆ ನಾಲ್ಕು ಲೀಟರಿನ ಆಸುಪಾಸು ಬಂದರೆ ಲೆಕ್ಕ ಸರಿ. ಒಂದು ಲೀಟರ್ ಕಡಿಮೆ ಬಂದರೆ ಕಾಳು ಹಸಿ ಇತ್ತು, ಇಲ್ಲವೇ ಹಿಂಡಿಯಲ್ಲಿ ಉಳಿದಿದೆ. ಹಿಂಡಿಯನ್ನು ಮುರಿದು ಬೆರಳಲ್ಲಿ ಒತ್ತಿ ನೋಡಿ, ಗೊತ್ತಾಗುತ್ತದೆ.

ತಂದ ಎಣ್ಣೆಯನ್ನು ಮೂರು ನಾಲ್ಕು ದಿನ ಅಲುಗಾಡಿಸದೆ ಇಟ್ಟರೆ ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಗಸಿ ಸಮೇತ ಕಾಯಿಸಿದರೆ ಅದು ಮೊದಲು ಸೀದು ಹೊಗೆ ಏಳುತ್ತದೆ, ನೊರೆ ಬರುತ್ತದೆ, ಆಮೇಲೆ 'ಗಾಣದ ಎಣ್ಣೆ ಕರಿಯೋಕೆ ಆಗಲ್ಲ' ಎಂಬ ದೂರು. ಗಾಣದಲ್ಲಿ ಕಾಳಿಗೆ ತುಸು ನೀರು ಹಾಕುವುದುಂಟು. ಅದು ಎಣ್ಣೆಯಲ್ಲಿ ಉಳಿದಿದ್ದರೆ ಕಾದ ಬಾಣಲೆಗೆ ಒಂದು ಹನಿ ಬಿಟ್ಟಾಗ ಚಟಪಟ ಅನ್ನುತ್ತದೆ. ಅಂಥ ಎಣ್ಣೆ ಬೇಗ ಮುಗ್ಗುತ್ತದೆ. ಸ್ಟೀಲು ಡಬ್ಬಿಯಲ್ಲಿ, ಬಾಯಿವರೆಗೆ ತುಂಬಿ, ಒಲೆಯಿಂದ ದೂರ ಇಡಿ. ಅರ್ಧ ಖಾಲಿಯಾದ ದೊಡ್ಡ ಡಬ್ಬಿಗಿಂತ ತುಂಬಿದ ಎರಡು ಸಣ್ಣ ಡಬ್ಬಿ ಮೇಲು, ಗಾಳಿ ತಾಗುವುದು ಕಡಿಮೆ.

ಎಷ್ಟು ಬಳಸಬೇಕು? ದಿನಕ್ಕೆ ಒಬ್ಬರಿಗೆ 20ರಿಂದ 30 ಗ್ರಾಂ, ತುಪ್ಪ ಬೆಣ್ಣೆ ಸೇರಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡೂವರೆಯಿಂದ ಮೂರು ಲೀಟರ್ ಎಣ್ಣೆ ದಾಟಬಾರದು. ಗಾಣದ ಎಣ್ಣೆ ಅಂತ ಐದು ಲೀಟರ್ ಸುರಿದರೆ ಗಾಣ ಏನು ಮಾಡೀತು? ಶೇಂಗಾ ಎಣ್ಣೆಯಲ್ಲಿ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅದನ್ನು ಅಗಸೆ ಚಟ್ನಿ ತುಂಬಿಕೊಡುತ್ತದೆ. ರೊಟ್ಟಿ ಜೊತೆ ದಿನಕ್ಕೆ ಎರಡು ಚಮಚ ಸಾಕು. ಅಗಸೆಯನ್ನು ಪುಡಿ ಮಾಡದೆ ಇಡಿಯಾಗಿ ತಿಂದರೆ ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಿಟ್ಟರೆ ಬೇಗ ಕಮಟು ಹಿಡಿಯುತ್ತದೆ. ಹದಿನೈದು ದಿನಕ್ಕಾಗುವಷ್ಟೇ ಕುಟ್ಟಿಕೊಳ್ಳಿ.

ಒಮ್ಮೆ ಕರಿದ ಎಣ್ಣೆಯನ್ನು ಸೋಸಿ, ಎರಡು ಮೂರು ದಿನದೊಳಗೆ ಒಗ್ಗರಣೆಗೆ ಮುಗಿಸಿ. ಮತ್ತೆ ಬಾಣಲೆ ತುಂಬಿ ಕರಿಯುವುದು ಬೇಡ. ಹೋಟೆಲುಗಳಿಗೂ 2018ರ ಜುಲೈಯಿಂದ ನಿಯಮವಿದೆ: ಕರಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು, ಅಂದರೆ ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟು ಹುಟ್ಟುವ ಅಂಶಗಳು, ಶೇ. 25 ದಾಟಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ. ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ತಿನ್ನುವ ಊರಿನಲ್ಲಿ ಇದನ್ನು ನೆನಪಿಸಿದರೆ ಜನ ಸಿಟ್ಟಾಗುತ್ತಾರೆ, ಆದರೂ ಹೇಳಬೇಕು. ಮಂಡಕ್ಕಿಯ ತಪ್ಪೇನಿಲ್ಲ ಅದರಲ್ಲಿ. ಕುಸುಬಲಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಿನಲ್ಲಿ ಹುರಿದದ್ದು ಅದು, ಎಣ್ಣೆ ಸೋಕುವುದೇ ಒಗ್ಗರಣೆಯಲ್ಲಿ. ಎಣ್ಣೆ ಕುಡಿಯುವುದು ಬಜ್ಜಿಯ ಹಿಟ್ಟು. ಮನೆಯಲ್ಲಿ ಮಾಡುವಾಗ ಸೋಡಾ ಹೆಚ್ಚಾದಷ್ಟೂ ಹಿಟ್ಟು ಉಬ್ಬಿ ಹೆಚ್ಚು ಎಣ್ಣೆ ಹೀರುತ್ತದೆ. ಎರಡು ಕಪ್ ಕಡಲೆ ಹಿಟ್ಟಿಗೆ ಒಂದು ಚಿಟಿಕೆ ದಾಟಬೇಡಿ. ಗರಿಗರಿ ಬೇಕೆಂದರೆ ಎರಡು ಚಮಚ ಅಕ್ಕಿ ಹಿಟ್ಟು ಸೇರಿಸಿ. ಕಡಲೆ ಹಿಟ್ಟನ್ನೂ ಕಡಲೆಬೇಳೆ ಕೊಟ್ಟು ಗಿರಣಿಯಲ್ಲಿ ಹಾಕಿಸಿ. ಅಂಗಡಿಯ ಅಗ್ಗದ ಕಡಲೆ ಹಿಟ್ಟಿನಲ್ಲಿ ಬಟಾಣಿ ಹಿಟ್ಟು ಸೇರಿಸುವುದು ಹಳೇ ಕಸುಬು.

ಗಿರಣಿಯ ಮಾತು ಬಂತು. ರೊಟ್ಟಿಯೂ ಮುದ್ದೆಯೂ ಎರಡೂ ನಡೆಯುವ ಸೀಮೆ ನಮ್ಮದು, ಆದ್ದರಿಂದ ಮನೆಯಲ್ಲಿ ಎರಡು ಹಿಟ್ಟಿನ ಡಬ್ಬಿ ಇದ್ದೇ ಇರುತ್ತವೆ. ಜೋಳ ಕೊಳ್ಳುವಾಗ ಹಿಂಗಾರಿ ಜೋಳವೋ ಮುಂಗಾರಿ ಜೋಳವೋ ಕೇಳಿ. ಹಿಂಗಾರಿ ಬಿಳಿಜೋಳದ ಕಾಳು ದುಂಡಗೆ, ಮುತ್ತಿನಂತೆ ಹೊಳಪಾಗಿರುತ್ತದೆ. ಮುಂಗಾರಿನ ಹೈಬ್ರಿಡ್ ಜೋಳ ತೆನೆ ಬಲಿಯುವಾಗ ಮಳೆಗೆ ಸಿಕ್ಕಿದರೆ ಕಾಳಿನ ಮೇಲೆ ಕಪ್ಪು ಅಥವಾ ಗುಲಾಬಿ ಬೂಷ್ಟು ಹತ್ತುತ್ತದೆ, ಹಿಟ್ಟು ಮಸುಕಾಗುತ್ತದೆ, ರೊಟ್ಟಿ ಕಹಿಯಾಗುತ್ತದೆ. ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತಿದ್ದರೆ ಕೈಯನ್ನು ಬೈದುಕೊಳ್ಳಬೇಡಿ, ಹಿಟ್ಟಿನ ವಯಸ್ಸು ನೋಡಿ. ಜೋಳದಲ್ಲಿ ಗೋಧಿಯ ಅಂಟು ಇಲ್ಲ. ಕುದಿವ ನೀರು ಬಿದ್ದಾಗ ಪಿಷ್ಟ ಬೆಂದು ಬರುವ ಜಿಗುಟಿನ ಮೇಲೇ ರೊಟ್ಟಿ ನಿಲ್ಲುತ್ತದೆ, ಹಿಟ್ಟು ಹಳತಾದಷ್ಟೂ ಆ ಜಿಗುಟು ಸಾಲದಾಗುತ್ತದೆ. ಹದಿನೈದು ದಿನಕ್ಕೆ ಸಾಕಾಗುವಷ್ಟು ಬೀಸಿಸಿ. ನೀರು ಸರಿಯಾಗಿ ಮರಳಿದ ಮೇಲೆ ಹಾಕಿ, ಬಿಸಿ ಇರುವಾಗಲೇ ನಾದಿ.

ಗಿರಣಿಯಿಂದ ಬಂದ ಹಿಟ್ಟು ಬಿಸಿಯಾಗಿರುತ್ತದೆ. ಹಾಗೇ ಡಬ್ಬಿಗೆ ಸುರಿದು ಮುಚ್ಚಳ ಹಾಕಿದರೆ ಒಳಗೆ ಬೆವರಿ, ಗಂಟು ಕಟ್ಟಿ, ಹುಳಿ ವಾಸನೆ ಬರುತ್ತದೆ. ದೊಡ್ಡ ತಟ್ಟೆಯಲ್ಲೋ ಬಟ್ಟೆಯ ಮೇಲೋ ಹರಡಿ ಪೂರ್ತಿ ಆರಿಸಿ ತುಂಬಿ. ನಿಮಗಿಂತ ಮುಂಚೆ ಏನು ಬೀಸಿದರು ಎಂದು ಗಿರಣಿಯವರನ್ನು ಕೇಳಿ. ಮುಂಚಿನವರದ್ದು ಖಾರದ ಪುಡಿಯೋ ಮೆಂತ್ಯವೋ ಆಗಿದ್ದರೆ ನಿಮ್ಮ ಮೊದಲ ಒಂದೆರಡು ಬೊಗಸೆ ಹಿಟ್ಟನ್ನು ಬೇರೆ ತೆಗೆದಿಡಿ. ಗೋಧಿ ಒಗ್ಗದವರು ಮನೆಯಲ್ಲಿದ್ದರೆ ಈ ಪ್ರಶ್ನೆ ಇನ್ನೂ ಮುಖ್ಯ. ಜರಡಿ ಹಿಡಿಯುವುದಾದರೆ ಹೊಟ್ಟನ್ನು ಎಸೆಯಬೇಡಿ, ನಾರು ಇರುವುದು ಅಲ್ಲೇ.

ಸಿರಿಧಾನ್ಯದ ಬಗ್ಗೆ 2023ರಿಂದ, ಅಂದರೆ ವಿಶ್ವಸಂಸ್ಥೆ ಅದನ್ನು ಸಿರಿಧಾನ್ಯಗಳ ವರ್ಷ ಅಂತ ಆಚರಿಸಿದಾಗಿನಿಂದ, ಮಾತು ಜಾಸ್ತಿಯಾಗಿದೆ. ಚಿತ್ರದುರ್ಗ ಜಿಲ್ಲೆಗೆ ಇದೇನು ಹೊಸದಲ್ಲ. ಹೊಸದು ಪಾಲಿಶ್. ಸಾವೆ, ನವಣೆಯ ಮೇಲಿನ ಗಟ್ಟಿ ಸಿಪ್ಪೆ ತೆಗೆದ ಮೇಲೆ ಒಳಗೊಂದು ತೆಳು ತೌಡಿನ ಪದರ ಉಳಿಯುತ್ತದೆ. ನಾರು, ಕಬ್ಬಿಣ, ಬಿ ಜೀವಸತ್ವ ಬಹುಪಾಲು ಅದರಲ್ಲೇ. ನೋಡಲು ಚೆಂದವಿರಲಿ, ಬಾಳಿಕೆ ಬರಲಿ ಅಂತ ಅದನ್ನೂ ಉಜ್ಜಿ ತೆಗೆದರೆ ಉಳಿಯುವುದು ದುಬಾರಿ ಬೆಲೆಯ ಬಿಳಿ ಅಕ್ಕಿಯೇ. ಪದರ ಇರುವ ನವಣೆ ಅಕ್ಕಿ ಮಸುಕು ಹಳದಿ, ಹೊಳಪಿಲ್ಲ. ಸಾವೆ ಬೂದುಗಂದು. ನಡುನಡುವೆ ಸಿಪ್ಪೆ ಸಮೇತದ ಕಾಳು ಒಂದೊಂದು ಸಿಗುತ್ತದೆ. ಅದನ್ನು ಕಂಡು ಬೇಸರಪಡಬೇಡಿ, ಹಗುರವಾಗಿ ಮಿಲ್ ಮಾಡಿದ್ದಾರೆ ಎನ್ನುವುದಕ್ಕೆ ಅದೇ ಗುರುತು. ಫಳಫಳ ಬೆಳ್ಳಗಿದ್ದು ಒಂದೂ ಸಿಪ್ಪೆ ಕಾಳಿಲ್ಲದಿದ್ದರೆ ಪಾಲಿಶ್ ಆಗಿದೆ ಎಂದುಕೊಳ್ಳಿ. ಪದರ ಇರುವ ಧಾನ್ಯಕ್ಕೆ ಬಾಳಿಕೆ ಕಮ್ಮಿ, ತೌಡಿನಲ್ಲಿ ಎಣ್ಣೆ ಇರುತ್ತದೆ. ಎರಡು ತಿಂಗಳಿಗಿಂತ ಹೆಚ್ಚು ತಂದಿಡಬೇಡಿ. ಸಜ್ಜೆ ಹಿಟ್ಟಂತೂ ಬೀಸಿದ ವಾರದಲ್ಲೇ ಕಹಿಯಾಗಲು ಶುರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಎರಡು ದಿನ ಮುಂಚೆ ಬೀಸಿಸಿದರೆ ಸಾಕು.

ಇವುಗಳ ದೊಡ್ಡ ತೊಂದರೆ ಹಳ್ಳು. ಕಾಳಿನಷ್ಟೇ ಗಾತ್ರದ ಕಲ್ಲು ಮೊರದಲ್ಲಿ ಕೇರಿದರೆ ಹೋಗುವುದಿಲ್ಲ, ಜಾಲಿಸಬೇಕು. ಈಗಿನ ಅಡುಗೆಮನೆಗಳಲ್ಲಿ ಈ ಕೆಲಸ ಮರೆತೇಹೋಗಿರುವುದರಿಂದ ವಿವರವಾಗಿ ಹೇಳುತ್ತೇನೆ. ಅಗಲ ಬಾಯಿಯ ಎರಡು ಪಾತ್ರೆ ತೆಗೆದುಕೊಳ್ಳಿ. ಒಂದರಲ್ಲಿ ಎರಡು ಕಪ್ ನವಣೆ, ಅದು ಮುಳುಗಿ ಮೇಲೆ ನಾಲ್ಕು ಬೆರಳು ನೀರು. ಮೊದಲು ಕೈಯಾಡಿಸಿ ತೇಲಿಬಂದ ಹೊಟ್ಟು, ಜೊಳ್ಳು ಚೆಲ್ಲಿ. ಮತ್ತೆ ನೀರು ತುಂಬಿ, ಪಾತ್ರೆಯನ್ನು ಓರೆ ಮಾಡಿ, ಗುಂಡಗೆ ತಿರುಗಿಸುತ್ತ, ಕಾಳು ನೀರಿನಲ್ಲಿ ಎದ್ದಿರುವಾಗಲೇ ನೀರಿನ ಸಮೇತ ಎರಡನೇ ಪಾತ್ರೆಗೆ ಬಗ್ಗಿಸಿ. ಕಲ್ಲು ಭಾರ, ತಳದಲ್ಲೇ ನಿಲ್ಲುತ್ತದೆ. ಎರಡನೇ ಪಾತ್ರೆಯ ನೀರನ್ನೇ ತಿರುಗಿ ಮೊದಲನೆಯದಕ್ಕೆ ಸುರಿದು ಹೀಗೇ ನಾಲ್ಕೈದು ಸಲ. ಕಡೆಯ ಒಂದು ಚಮಚದಷ್ಟು ಕಾಳಿಗೆ ಆಸೆಪಡಬೇಡಿ, ಹಳ್ಳೆಲ್ಲ ಇರುವುದು ಅದರಲ್ಲೇ. ಅವಸರ ಮಾಡಿ ಒಂದೇ ಸಲಕ್ಕೆ ಸುರಿದರೆ ಕಲ್ಲೂ ಜೊತೆಗೆ ಜಾರುತ್ತದೆ.

ಅನ್ನಕ್ಕೆ ಒಂದು ಕಪ್ ನವಣೆಗೆ ಎರಡೂವರೆ ಕಪ್ ನೀರು. ಒಂದೆರಡು ಗಂಟೆ ನೆನೆಸಿದ್ದರೆ ಎರಡು ಕಪ್. ನೆನೆಸಿಯೂ ಎರಡೂವರೆ ಹಾಕಿದರೆ ಗಂಜಿಯಾಗುತ್ತದೆ, ಬಹಳ ಮನೆಗಳಲ್ಲಿ ಮೊದಲ ದಿನವೇ ಸಿರಿಧಾನ್ಯ ಬೇಡವಾಗುವುದು ಇದರಿಂದಲೇ. ನೀರು ಮರಳಿದ ಮೇಲೆ ಹಾಕಿ, ಸಣ್ಣ ಉರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ, ಒಲೆ ಆರಿಸಿ ಹತ್ತು ನಿಮಿಷ ಮುಚ್ಚಿಡಿ. ಮೊದಲ ವಾರ ಅಕ್ಕಿಯ ಕಾಲುಭಾಗ ಮಾತ್ರ ಬದಲಿಸಿ. ಒಮ್ಮೆಗೇ ನಾರು ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು: ಸಿರಿಧಾನ್ಯ ಔಷಧಿಯಲ್ಲ. ನುಣ್ಣನೆಯ ಹಿಟ್ಟಿನ ರಾಗಿ ಮುದ್ದೆ ದೊಡ್ಡದಾದರೆ ರಕ್ತದ ಸಕ್ಕರೆ ಅನ್ನದಷ್ಟೇ ಏರಬಹುದು. ಊಟವಾಗಿ ಎರಡು ಗಂಟೆಗೆ ಮೀಟರಿನಲ್ಲಿ ನೋಡಿಕೊಂಡು ಮುದ್ದೆಯ ಗಾತ್ರ ನಿರ್ಧರಿಸಿ, ಮಾತ್ರೆ ಬಿಡಬೇಡಿ. ರಾಗಿಯ ನಿಜವಾದ ಬಲ ಸುಣ್ಣದ ಅಂಶ, ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ಬೇರೆ ಯಾವ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ.

ಬೇಳೆಕಾಳಿಗೆ ಬಂದರೆ ಈ ಸೀಮೆಯಲ್ಲಿ ಬೇಳೆಗಿಂತ ನೀರಿನದೇ ದೊಡ್ಡ ಸಮಸ್ಯೆ. ಜಗಳೂರು, ಚಳ್ಳಕೆರೆ, ಹಿರಿಯೂರು ಕಡೆಯ ಹಲವು ಬೋರ್‌ವೆಲ್‌ಗಳ ನೀರು ಗಡಸು, ಕೆಲವೆಡೆ ಫ್ಲೋರೈಡ್ ಕೂಡ ಹೆಚ್ಚು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಕೋಶಗಳ ನಡುವಿನ ಅಂಟನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ, ಎಷ್ಟು ಸೀಟಿ ಹಾಕಿಸಿದರೂ ಬೇಳೆ ಕರಗುವುದಿಲ್ಲ. ಆಗ ಚಿಟಿಕೆ ಸೋಡಾ ಹಾಕುತ್ತಾರೆ. ಬೇಳೆ ಬೇಯುತ್ತದೆ, ಅದರೊಳಗಿನ ಬಿ1 ಜೀವಸತ್ವ ನಾಶವಾಗುತ್ತದೆ. ಅದಕ್ಕಿಂತ, ತೊಳೆಯುವುದಕ್ಕೆ ನಲ್ಲಿಯ ನೀರು ಬಳಸಿ, ನೆನೆಸುವುದಕ್ಕೂ ಬೇಯಿಸುವುದಕ್ಕೂ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬಳಸಿ. ನಾಲ್ಕು ಜನರ ಮನೆಗೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ ಇಪ್ಪತ್ತು ಲೀಟರಿನ ಒಂದು ಕ್ಯಾನ್ ಸಾಕು. ಫ್ಲೋರೈಡ್ ಇರುವ ಊರುಗಳಲ್ಲಂತೂ ಇದು ಬೇಳೆಯ ಮಾತಷ್ಟೇ ಅಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ, ಅದರ ಮೇಲೆ ಹಲ್ಲು ಮೂಳೆಗಳಿಗೆ ತೊಂದರೆ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂದುಕೊಂಡವರು ಬಹಳ. ಹೋಗುವುದಿಲ್ಲ, ನೀರು ಆವಿಯಾಗಿ ಅದು ಇನ್ನೂ ಸಾಂದ್ರವಾಗುತ್ತದೆ.

ಹುರುಳಿ, ಅಲಸಂದೆ, ಕಡಲೆಯಂಥ ಇಡಿ ಕಾಳು ನೆನೆಸುವಾಗ ಲೀಟರ್ ನೀರಿಗೆ ಎರಡು ಚಮಚ ಉಪ್ಪು ಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ ತೊಳೆದು ಬೇಯಿಸಿ. ಸಿಪ್ಪೆ ಮೆದುವಾಗುತ್ತದೆ. ಮೊಳಕೆ ಬರಿಸುವುದಿದ್ದರೆ ಉಪ್ಪು ಬೇಡ. ಹುಣಸೆ ಹುಳಿ, ಟೊಮೆಟೊ ಕಾಳು ಬೆಂದ ಮೇಲೆಯೇ ಬೀಳಬೇಕು, ಹುಳಿ ಮೊದಲೇ ಬಿದ್ದರೆ ಕಾಳು ಬಿಗಿಯುತ್ತದೆ. ಇಷ್ಟೆಲ್ಲ ಮಾಡಿಯೂ ಬೇಯದಿದ್ದರೆ ಕಾಳು ಹಳೇದು, ಬಿಸಿಯಲ್ಲೂ ತೇವದಲ್ಲೂ ವರ್ಷಗಟ್ಟಲೆ ಇದ್ದದ್ದು. ಅಂಗಡಿ ಬದಲಿಸಿ. ತೊಗರಿ ಬೇಳೆಯಲ್ಲಿ ಹೊಳಪು ಕಂಡರೆ ಅಂಗೈಯಲ್ಲಿ ತಿಕ್ಕಿ ನೋಡಿ, ಜಿಡ್ಡು ಹತ್ತಿದರೆ ಎಣ್ಣೆ ಪಾಲಿಶ್. ಪಾಲಿಶ್ ಇಲ್ಲದ್ದು ಮಂಕಾಗಿ, ಅಂಚು ತುಸು ಪುಡಿಪುಡಿಯಾಗಿ ಇರುತ್ತದೆ. ಹುಳ ಬಿದ್ದ ಬೇಳೆಯೇ ಔಷಧಿ ಹೊಡೆಯದ ಬೇಳೆ ಎಂಬ ನಂಬಿಕೆಗೆ ಆಧಾರವಿಲ್ಲ, ಹುಳಕ್ಕೆ ಬೇಕಾದ್ದು ತೇವ ಮತ್ತು ಬಿಸಿ, ಅಷ್ಟೇ. ಕಾಳು ಪಲ್ಯದ ಮೇಲೆ ನಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಮೈಗೂಡುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಅದೇ ಕಬ್ಬಿಣ ವ್ಯರ್ಥ. ಒಂದು ಗಂಟೆ ತಡೆಯಿರಿ.

ಖಾರದ ಪುಡಿ ವರ್ಷಕ್ಕೊಮ್ಮೆಯ ಕೆಲಸ. ಬ್ಯಾಡಗಿಯ ಹೊಸ ಮಾಲು ಬರುವುದು ಜನವರಿಯಿಂದ ಮಾರ್ಚ್, ಬಿಸಿಲೂ ಆಗಲೇ ಚೆನ್ನಾಗಿರುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಮೂರಕ್ಕೆ ಒಂದು ಹಾಕಿದರೆ ಹೆಚ್ಚಿನ ಮನೆಗಳಿಗೆ ಸರಿಹೋಗುತ್ತದೆ. ಒಳ್ಳೆ ಬ್ಯಾಡಗಿ ಉದ್ದಕ್ಕೆ ಸುಕ್ಕುಸುಕ್ಕಾಗಿ, ಗಾಢ ಕೆಂಪಾಗಿರುತ್ತದೆ. ಕೋಲ್ಡ್ ಸ್ಟೋರೇಜಿನ ಹಳೇ ಮಾಲು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹತ್ತು ಕಾಯಿ ಮುರಿದು ಒಳಗೆ ನೋಡಿ. ಹೊರಗೆ ಕೆಂಪಗಿದ್ದು ಒಳಗೆ ಬಿಳಿ, ಬೂದು ನೂಲು ಕಂಡರೆ ಬೂಷ್ಟು. ಮುರಿಯದೆ ಬಾಗಿದರೆ ತೂಕಕ್ಕೆ ನೀರು ಹೊಡೆದಿದ್ದಾರೆ. ತೊಟ್ಟು ತೆಗೆದು ಎರಡು ಮೂರು ದಿನ ಒಣಗಿಸಿ, ಮುರಿದರೆ ಪಟ್ಟನೆ ಅನ್ನುವ ಹದಕ್ಕೆ ಬಂದ ಮೇಲೆ ಪುಡಿ ಮಾಡಿಸಿ. ಅರಿಶಿಣವೂ ಕೊಂಬೇ ಇರಲಿ. ಪುಡಿಯಲ್ಲಿ ಸೀಸದ ಬಣ್ಣ ಬೆರೆಸಿದ ಪ್ರಕರಣಗಳು ಸಿಕ್ಕಿವೆ, ಸೀಸ ಮಕ್ಕಳ ಮೆದುಳಿಗೆ ಕೆಟ್ಟದ್ದು. ಅತಿಯಾಗಿ ಹೊಳೆಯುವ, ಕೈಗೆ ಬಣ್ಣ ಮೆತ್ತುವ ಕೊಂಬೂ ಬೇಡ. ಪುಡಿಯೇ ತರಬೇಕಾದರೆ ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ ಕಲಕದೆ ಬಿಡಿ. ಒಳ್ಳೆಯದು ತಳಕ್ಕಿಳಿದು ನೀರು ತಿಳಿ ಹಳದಿಯಾಗಿ ಉಳಿಯುತ್ತದೆ, ಕೃತಕ ಬಣ್ಣ ಇಳಿಯುವಾಗಲೇ ನೀರನ್ನೆಲ್ಲ ಗಾಢ ಹಳದಿ ಮಾಡುತ್ತದೆ. ಬಣ್ಣವಿಲ್ಲದ ಕಲಬೆರಕೆ, ಸೀಸದ ಬಣ್ಣ ಈ ಪರೀಕ್ಷೆಗೆ ಸಿಗುವುದಿಲ್ಲ. ಕೊಂಬೇ ಮೇಲು ಅನ್ನುವುದು ಅದಕ್ಕೇ.

ಬೆಲ್ಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಂಗಾರದ ಬಣ್ಣದ ಬೆಲ್ಲಕ್ಕೆ ಹೈಡ್ರೋಸ್ ಎಂಬ ಬಣ್ಣ ತಿಳಿ ಮಾಡುವ ರಾಸಾಯನಿಕ ಬಿದ್ದಿರುವ ಸಂಭವ ಹೆಚ್ಚು, ಕಂದು ಬೆಲ್ಲ ತನ್ನಿ. ಆದರೆ ಯಾವ ಬೆಲ್ಲವೂ ಬಹುಪಾಲು ಸಕ್ಕರೆಯೇ. ಅದರ ಕಬ್ಬಿಣಕ್ಕಾಗಿ ತಿನ್ನುವುದಾದರೆ ಆ ಪ್ರಮಾಣದ ಸಕ್ಕರೆ ಹೊಟ್ಟೆಗೆ ಬೇಡ, ದಂಟಿನ ಸೊಪ್ಪು ತಿನ್ನಿ. ಉಪ್ಪು ಯಾವುದೇ ಬಣ್ಣದ್ದಿರಲಿ ಸೋಡಿಯಂ ಅದೇ. ಗುಲಾಬಿ ಉಪ್ಪಿನಲ್ಲಿ ಬೇಕಾದಷ್ಟು ಅಯೋಡಿನ್ ಇರುವುದಿಲ್ಲ ಎನ್ನುವುದಷ್ಟೇ ವ್ಯತ್ಯಾಸ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಎಂದರೆ ನಾಲ್ಕು ಜನರಿಗೆ ತಿಂಗಳಿಗೆ 600 ಗ್ರಾಂ. ಒಂದು ಕೆಜಿ ಪ್ಯಾಕೆಟ್ ತಿಂಗಳೊಳಗೆ ಮುಗಿಯುತ್ತಿದ್ದರೆ ಉಪ್ಪಿನಕಾಯಿ, ಹಪ್ಪಳ, ಮಂಡಕ್ಕಿಯ ಉಪ್ಪನ್ನು ಸೇರಿಸದೆಯೇ ಮಿತಿ ದಾಟಿದೆ.

ಪ್ಯಾಕೆಟ್ ತರಲೇಬೇಕಾದಾಗ ಮುಂಭಾಗ ಓದಬೇಡಿ, ತಿರುಗಿಸಿ ಹಿಂಭಾಗ ಓದಿ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ರಾಗಿ ಬಿಸ್ಕತ್ತಿನಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ತಾಳೆ ಎಣ್ಣೆ, ಅದರ ಕೆಳಗೆಲ್ಲೋ ರಾಗಿ ಶೇಕಡಾ ಇಷ್ಟು ಅಂತ ಇರುತ್ತದೆ. ಎಣ್ಣೆಯ ಮೇಲೆ 'ಮಿಶ್ರ ಖಾದ್ಯ ಎಣ್ಣೆ' ಅಂತಿದ್ದರೆ ಯಾವ ಎಣ್ಣೆ ಎಷ್ಟು ಪಾಲು ನೋಡಿ. ಚಿತ್ರದಲ್ಲಿರುವ ಎಣ್ಣೆಯೇ ಕಡಿಮೆ ಪಾಲಿನದಾಗಿರಬಹುದು. ವನಸ್ಪತಿ, ಬೇಕರಿ ಕೊಬ್ಬಿನಲ್ಲಿ ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಕೊಬ್ಬು 2022ರ ಜನವರಿಯಿಂದ ಶೇ. 2 ದಾಟುವಂತಿಲ್ಲ. ಬಿಡಿಯಾಗಿ ತೂಗಿಕೊಡುವ ಹೆಸರಿಲ್ಲದ 'ಬೆಣ್ಣೆ'ಗೆ ಯಾವ ಚೀಟಿಯೂ ಇಲ್ಲ. ಅದನ್ನು ನಾಲಿಗೆಯ ಮೇಲಿಟ್ಟು ನೋಡಿ. ಬೆಣ್ಣೆ ಬಾಯಿಯ ಬಿಸಿಗೆ ಪೂರ್ತಿ ಕರಗುತ್ತದೆ, ವನಸ್ಪತಿ ಬೆರೆತಿದ್ದರೆ ಅಂಗುಳಕ್ಕೆ ಮೇಣದ ಹಾಗೆ ಅಂಟಿಕೊಳ್ಳುತ್ತದೆ.

ಈರುಳ್ಳಿ ಮಾತ್ರ ಇಲ್ಲಿಯದನ್ನೇ ತಂದು ಕೂಡಿಡಬೇಕೆಂಬ ಹಟ ಬೇಡ. ಮುಂಗಾರಿನ ದುರ್ಗದ ಈರುಳ್ಳಿ ರುಚಿಗೆ ಚೆನ್ನ, ನೀರಿನಂಶ ಹೆಚ್ಚು, ಕುತ್ತಿಗೆ ದಪ್ಪ, ತಿಂಗಳಾಗುವುದರೊಳಗೆ ಮೊಳೆಯುತ್ತದೆ ಇಲ್ಲವೇ ಕೊಳೆಯುತ್ತದೆ. ವಾರಕ್ಕಾಗುವಷ್ಟು ತನ್ನಿ. ಕೂಡಿಡುವುದಕ್ಕೆ ಬೇಸಿಗೆಯಲ್ಲಿ ಬರುವ, ಕುತ್ತಿಗೆ ಒಣಗಿ ಸಣ್ಣಗಾದ ಗಡ್ಡೆ ಬೇಕು. ಸಿಪ್ಪೆಯ ಕೆಳಗೆ ಕಪ್ಪು ಮಸಿಯಂಥದ್ದು ಕಂಡರೆ ಅದೂ ಬೂಷ್ಟೇ, ಆ ಪದರ ತೆಗೆದು ತೊಳೆದು ಹೆಚ್ಚಿ.

ಕೂಡಿಡುವುದಕ್ಕೆ ಹೇಳಿಮಾಡಿಸಿದ್ದು ರಾಗಿ. ಒಣಗಿದ ಇಡಿ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ, ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಇಡುತ್ತಿದ್ದದ್ದೂ ಅದಕ್ಕೇ. ಜೋಳ ಒಂದು ವರ್ಷ, ಬಿಸಿಲಿಗೆ ಒಣಗಿಸಿ ಆರಿದ ಮೇಲೆ ತುಂಬಿದರೆ. ಶೇಂಗಾ ಸುಲಿಯದೆ ಕಾಯಿಯಾಗೇ ಇರಲಿ, ಬೇಕಾದಾಗ ಬೇಕಾದಷ್ಟು ಸುಲಿದುಕೊಳ್ಳಿ. ಹಿಟ್ಟಿನ ಡಬ್ಬಿಯನ್ನು ಮಾತ್ರ ಪ್ರತಿ ಸಲ ಪೂರ್ತಿ ಖಾಲಿ ಮಾಡಿ, ಮೂಲೆಗಳಲ್ಲಿ ಕಚ್ಚಿಕೊಂಡದ್ದನ್ನು ಕೆರೆದು ತೆಗೆದು, ತೊಳೆದು ಬಿಸಿಲಿಗೆ ಒಣಗಿಸಿ ಆಮೇಲೆ ತುಂಬಿ. ತಳದಲ್ಲಿ ಉಳಿದ ಒಂದು ಹಿಡಿ ಹಳೇ ಹಿಟ್ಟಿನ ಮೇಲೆ ಹೊಸದನ್ನು ಸುರಿದರೆ ನುಸಿಯ ಮೊಟ್ಟೆ ಅದರ ಜೊತೆಗೇ ದಾಟುತ್ತದೆ, ಹತ್ತು ದಿನದಲ್ಲಿ ಹೊಸ ಹಿಟ್ಟೂ ಜಾಲರಿ ಕಟ್ಟುತ್ತದೆ.